ಮದ್ದು ಬೀಗದ ಡಬ್ಬಿಯಲ್ಲಿದೆ, ತೆಗೆದು ಕೊಡುವವರು ಯಾರು?

(ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ ವಿಷಯ "ಹಿರಿಯರ ಆರೈಕೆ" ಅಂತಷ್ಟೇ ಇತ್ತು. ಗಾಂಜಾ ಅಂತ ಹಾಕಿದ್ದರೆ ಜನ ಕಡಿಮೆ ಬರುತ್ತಿದ್ದರೋ, ಇನ್ನೂ ಜಾಸ್ತಿ ಬರುತ್ತಿದ್ದರೋ ಹೇಳುವುದು ಕಷ್ಟ. ಸಾವು ಹತ್ತಿರ ಬಂದಿರುವ ರೋಗಿ ಆಸ್ಪತ್ರೆಯಲ್ಲೋ ನರ್ಸಿಂಗ್ ಹೋಮ್‌ನಲ್ಲೋ ಮಲಗಿದ್ದಾರೆ. ನೋವಿದೆ, ವಾಕರಿಕೆ ಇದೆ, ನಿದ್ದೆ ಇಲ್ಲ. ಅವರು ಅಲ್ಲಿಯೇ ಗಾಂಜಾದಿಂದ ಮಾಡಿದ ಮದ್ದನ್ನು ತೆಗೆದುಕೊಳ್ಳಬಹುದೇ? ಇವತ್ತು ಮಾತಾಡುವುದು ಇದರ ಬಗ್ಗೆ.

ನಾನು ಫಾರ್ಮಸಿಸ್ಟ್. ನರ್ಸಿಂಗ್ ಹೋಮ್‌ಗಳಿಗೆ ಹೋಗಿ ಅಲ್ಲಿರುವ ಪ್ರತಿಯೊಬ್ಬರ ಔಷಧಿ ಪಟ್ಟಿ ಪರಿಶೀಲಿಸುವುದು ನನ್ನ ಕೆಲಸ. ತಿಂಗಳಿಗೆ ಒಮ್ಮೆಯಾದರೂ ಇದು ಆಗಲೇಬೇಕು ಅಂತ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ನಿಯಮವಿದೆ. ಹಾಗಾಗಿ ನನ್ನ ಮಾತು ಸ್ವಲ್ಪ ಪಟ್ಟಿ, ಬೀಗ, ಸಹಿ ಇವುಗಳ ಸುತ್ತಲೇ ಸುತ್ತುತ್ತದೆ. ದಯವಿಟ್ಟು ಸಹಿಸಿಕೊಳ್ಳಿ. ಇಲ್ಲಿ ಇಡೀ ಕಥೆ ನಿಂತಿರುವುದೂ ಬೀಗದ ಮೇಲೆಯೇ.

ರಯಾನ್ ಬಾರ್ಟೆಲ್ ಎಂಬುವವರಿಂದ ಶುರು ಮಾಡೋಣ. ಸ್ಯಾನ್ ಡಿಯಾಗೋ ಮೂಲದವರು, ಕೋಸ್ಟ್ ಗಾರ್ಡ್‌ನಲ್ಲಿ ಸೇವೆ ಮಾಡಿದ್ದವರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ನಾಲ್ಕನೇ ಹಂತ. ನೋವಿಗೆ ಮಾರ್ಫಿನ್, ಆಮೇಲೆ ಫೆಂಟಾನಿಲ್ ಕೊಟ್ಟರು. ನೋವೇನೋ ತಗ್ಗಿತು. ಆದರೆ ದಿನವಿಡೀ ಮಂಪರು. ಹೆಂಡತಿ, ಮಗ ಬಂದು ಪಕ್ಕದಲ್ಲಿ ಕೂತರೆ ಮಾತಾಡಲು ಆಗುತ್ತಿರಲಿಲ್ಲ. ಗಾಂಜಾ ಬಳಸಬಹುದೇ ಅಂತ ಮನೆಯವರು ಕೇಳಿದರು. ಆಸ್ಪತ್ರೆ ಆಗಲ್ಲ ಎಂದಿತು. ಕೊನೆಗೆ ಸಿಯಾಟಲ್‌ನಲ್ಲಿ ಅದಕ್ಕೆ ಒಪ್ಪುವ ಇನ್ನೊಂದು ಆಸ್ಪತ್ರೆ ಸಿಕ್ಕಿತು. ಅಲ್ಲಿ ಫೆಂಟಾನಿಲ್ ನಿಲ್ಲಿಸಿ ಗಾಂಜಾ ಶುರು ಮಾಡಿದ ಮೇಲೆ ಅವರು ಎಚ್ಚರವಾಗಿದ್ದರು, ಬಂದವರ ಜೊತೆ ಮಾತಾಡಿದರು. 2018ರಲ್ಲಿ ತೀರಿಕೊಂಡರು, 41ನೇ ವಯಸ್ಸಿಗೆ.

ಅವರ ತಂದೆ ಜಿಮ್ ಬಾರ್ಟೆಲ್ ಸುಮ್ನೆ ಕೂರಲಿಲ್ಲ. ಸೆನೆಟರ್ ಬೆನ್ ಹ್ಯೂಸೋ ಅವರ ಮೂಲಕ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಸೂದೆ ತರಿಸಿದರು. 2019ರಲ್ಲಿ ಅದು ಶಾಸನಸಭೆ ದಾಟಿತು. ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಲಿಲ್ಲ. ಮನಸ್ಸಿಲ್ಲದ ಮನಸ್ಸಿನಿಂದ ತಿರಸ್ಕರಿಸುತ್ತಿದ್ದೇನೆ ಎಂಬ ಅರ್ಥದ ಮಾತು ಬರೆದು ವಾಪಸ್ ಕಳಿಸಿದರು. ಫೆಡರಲ್ ಕಾನೂನಿಗೂ ಇದಕ್ಕೂ ತಾಕಲಾಟವಾದರೆ ಆಸ್ಪತ್ರೆಗಳಿಗೆ ಬರುವ ಮೆಡಿಕೇರ್ (ಹಿರಿಯರಿಗಾಗಿ ಇರುವ ಫೆಡರಲ್ ಆರೋಗ್ಯ ವಿಮೆ) ಹಣದ ಗತಿ ಏನು ಎಂಬುದು ಅವರ ಚಿಂತೆ. ಮೆಡಿಕೇರ್ ನಡೆಸುವ ಫೆಡರಲ್ ಕಚೇರಿಗೆ ಪತ್ರ ಹೋಯಿತು. ಇದನ್ನು ನೇರವಾಗಿ ತಡೆಯುವ ನಿಯಮ ತಮ್ಮಲ್ಲಿ ಇಲ್ಲ ಎಂಬ ಉತ್ತರ ಬಂತು. ಮಸೂದೆ ಮತ್ತೆ ಬಂದಾಗ, 2021ರ ಸೆಪ್ಟೆಂಬರ್‌ನಲ್ಲಿ, ಅದೇ ಗವರ್ನರ್ ಸಹಿ ಹಾಕಿದರು. 2022ರ ಜನವರಿ 1ರಿಂದ ಜಾರಿ. ಜನ ಇದನ್ನು ಕರೆಯುವುದು ರಯಾನ್ಸ್ ಲಾ ಅಂತ.

ಈ ಕಾನೂನು ಏನು ಹೇಳುತ್ತದೆ? ಇನ್ನು ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಆಯಸ್ಸು ಎಂದು ವೈದ್ಯರು ಹೇಳಿರುವ ರೋಗಿ, ವೈದ್ಯರ ಶಿಫಾರಸು ಪತ್ರ ಇದ್ದರೆ, ಆಸ್ಪತ್ರೆ, ಸ್ಕಿಲ್ಡ್ ನರ್ಸಿಂಗ್ ಹೋಮ್, ಕೊನೆಗಾಲದ ಆರೈಕೆ ಮಾಡುವ ಹಾಸ್ಪಿಸ್ ಕೇಂದ್ರಗಳಲ್ಲಿ ವೈದ್ಯಕೀಯ ಗಾಂಜಾ ಬಳಸಬಹುದು. ಆ ಸಂಸ್ಥೆ ಬೇಡ ಅನ್ನುವಂತಿಲ್ಲ. ಆಮೇಲೆ 65 ದಾಟಿದ, ದೀರ್ಘಕಾಲದ ಕಾಯಿಲೆ ಇರುವವರನ್ನೂ ಸೇರಿಸಿದರು. ಸೇದುವುದು, ವೇಪ್ ಮಾಡುವುದು ಮಾತ್ರ ಕೂಡದು. ಪಕ್ಕದ ಮಂಚದಲ್ಲಿ ಆಮ್ಲಜನಕ ಹರಿಯುತ್ತಿರುವಾಗ ಬೆಂಕಿ ಕಡ್ಡಿ ಗೀರಲು ಯಾರೂ ಬಿಡುವುದಿಲ್ಲ, ಅಲ್ವಾ. ಗಮ್ಮಿ ಎಂಬ ಜೆಲ್ಲಿ ಮಿಠಾಯಿ, ನಾಲಿಗೆ ಕೆಳಗೆ ಬಿಡುವ ಹನಿ, ಕ್ಯಾಪ್ಸೂಲ್, ಹಚ್ಚುವ ಮುಲಾಮು ಇವೆಲ್ಲ ಸರಿ. ತುರ್ತು ಚಿಕಿತ್ಸೆ ಪಡೆಯುತ್ತಿರುವಾಗ ಈ ಹಕ್ಕು ಅನ್ವಯಿಸುವುದಿಲ್ಲ. ಇನ್ನೊಂದು ಮಾತು. ನಮ್ಮಲ್ಲಿ ಎಷ್ಟೋ ಜನರ ತಂದೆ ತಾಯಿ ಇರುವ ಅಸಿಸ್ಟೆಡ್ ಲಿವಿಂಗ್ ಮನೆಗಳು, ಆರು ಮಂಚದ ಬೋರ್ಡ್ ಅಂಡ್ ಕೇರ್‌ಗಳು ಈ ಕಾನೂನಿನ ಪಟ್ಟಿಯೊಳಗೆ ಇಲ್ಲ. ಅಲ್ಲಿ ಸೇರಿಸುವ ಮೊದಲೇ ಕೇಳಿಕೊಳ್ಳಿ.

ಇಷ್ಟು ಕೇಳಿದರೆ ಒಳ್ಳೆಯ ಕಾನೂನು ಅನಿಸುತ್ತದೆ. ನನಗೂ ಹಾಗೇ ಅನಿಸುತ್ತದೆ. ನನ್ನ ತಕರಾರು ಇರುವುದು ಮುಂದಿನ ಸಾಲುಗಳಲ್ಲಿ.

ಮದ್ದನ್ನು ಬೀಗ ಹಾಕಿದ ಡಬ್ಬಿಯಲ್ಲಿ ಇಡಬೇಕು. ಅದನ್ನು ಕೊಂಡು ತರುವುದು, ಡಬ್ಬಿಯಿಂದ ತೆಗೆಯುವುದು, ಕೊಡುವುದು, ಉಳಿದದ್ದನ್ನು ಆಚೆ ಒಯ್ಯುವುದು, ಎಲ್ಲವೂ ರೋಗಿಯ ಅಥವಾ ಅವರನ್ನು ನೋಡಿಕೊಳ್ಳುವವರ ಜವಾಬ್ದಾರಿ. ವೈದ್ಯರು, ನರ್ಸ್, ಫಾರ್ಮಸಿಸ್ಟ್, ಇತರ ಸಿಬ್ಬಂದಿ ಯಾರೂ ಆ ಡಬ್ಬಿಯಿಂದ ಮದ್ದು ತೆಗೆಯುವಂತಿಲ್ಲ, ಕೊಡುವಂತಿಲ್ಲ. 2022ರಲ್ಲಿ ತಂದ ತಿದ್ದುಪಡಿ ಇದನ್ನು ಖಚಿತವಾಗಿ ಬರೆದುಬಿಟ್ಟಿತು. ಆಸ್ಪತ್ರೆಗಳು ತಮ್ಮ ರಕ್ಷಣೆಗೆ ಕೇಳಿದ್ದೇ ಇದನ್ನು ಎಂಬುದು ನನ್ನ ಅಂದಾಜು.

ಈಗ ರಾತ್ರಿ ಎರಡು ಗಂಟೆ ಅಂದುಕೊಳ್ಳಿ. ಎಂಬತ್ತೆರಡು ವರ್ಷದ ಒಬ್ಬ ಅಮ್ಮ. ಕೈ ನಡುಗುತ್ತದೆ, ಬೀಗದ ನಂಬರ್ ತಿರುಗಿಸಲು ಆಗುವುದಿಲ್ಲ. ಹೊಟ್ಟೆ ತೊಳಸುತ್ತಿದೆ. ಮಗಳು ಫ್ರೀಮಾಂಟ್‌ನ ಮನೆಯಲ್ಲಿ ಮಲಗಿದ್ದಾಳೆ, ಬೆಳಗ್ಗೆ ಕೆಲಸಕ್ಕೆ ಹೋಗಬೇಕು. ಕರೆಗಂಟೆ ಒತ್ತಿದರೆ ನರ್ಸ್ ಬರುತ್ತಾರೆ. ಡಬ್ಬಿ ಅವರ ಕಣ್ಣೆದುರಿಗೇ ಇದೆ. ಕೈ ಹಾಕುವಂತಿಲ್ಲ. ಅದೇ ನರ್ಸ್ ಮಾರ್ಫಿನ್ ಕೊಡಬಹುದು, ಆಕ್ಸಿಕೋಡೋನ್ ಕೊಡಬಹುದು, ಫೆಂಟಾನಿಲ್ ಪಟ್ಟಿ ಅಂಟಿಸಬಹುದು.

ಇದನ್ನು ನೋಡುವಾಗ ನನಗೆ ವಿಚಿತ್ರ ಅನಿಸುವುದು ಯಾಕೆ ಅಂತ ಹೇಳುತ್ತೇನೆ. ನರ್ಸಿಂಗ್ ಹೋಮ್‌ಗಳಲ್ಲಿ ನಾರ್ಕೋಟಿಕ್ ಔಷಧಿ ಎರಡು ಬೀಗದೊಳಗೆ ಇರುತ್ತದೆ. ಒಂದೊಂದು ಶಿಫ್ಟ್ ಬದಲಾಗುವಾಗಲೂ ಹೋಗುವ ನರ್ಸ್, ಬರುವ ನರ್ಸ್ ಇಬ್ಬರೂ ನಿಂತು ಮಾತ್ರೆ ಎಣಿಸಿ ಸಹಿ ಹಾಕುತ್ತಾರೆ. ಒಂದು ಮಾತ್ರೆ ಕಡಿಮೆ ಬಿದ್ದರೂ ಮನೆಗೆ ಹೋಗುವಂತಿಲ್ಲ. ಬಳಸಿದ ಫೆಂಟಾನಿಲ್ ಪಟ್ಟಿಯನ್ನು ಬಿಸಾಡುವುದಕ್ಕೂ ಒಬ್ಬರು ಸಾಕ್ಷಿ ಬೇಕು. ಅಂದರೆ ಅಪಾಯದ ಮದ್ದನ್ನು ಜೋಪಾನ ಮಾಡಲು, ಲೆಕ್ಕ ಇಡಲು ಇವರಿಗೆ ಚೆನ್ನಾಗಿಯೇ ಬರುತ್ತದೆ. ಆ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಹಾಳೆ ಸೇರಿಸುವುದು ದೊಡ್ಡ ಕೆಲಸವಲ್ಲ. ಅದನ್ನು ಬಿಟ್ಟು ಎಲ್ಲಕ್ಕಿಂತ ಕಡಿಮೆ ತರಬೇತಿ ಇರುವವರ ಕೈಗೆ, ಅಂದರೆ ನಿಮ್ಮ ಕೈಗೆ, ನನ್ನ ಕೈಗೆ ಕೊಟ್ಟಿದ್ದಾರೆ.

ಯಾಕೆ ಹೀಗೆ? ಕಾರಣ ವಾಷಿಂಗ್ಟನ್ ಡಿ.ಸಿ.ಯಲ್ಲಿದೆ. 1970ರ ಫೆಡರಲ್ ಕಾನೂನು ಗಾಂಜಾವನ್ನು ಶೆಡ್ಯೂಲ್ 1ರಲ್ಲಿ ಇಟ್ಟಿತು. ಹೆರಾಯಿನ್ ಇರುವ ಪಟ್ಟಿ ಅದು. ಅದರಲ್ಲಿ ಇರುವುದಕ್ಕೆ ಒಪ್ಪಿತ ವೈದ್ಯಕೀಯ ಉಪಯೋಗವೇ ಇಲ್ಲ ಅಂತ ಲೆಕ್ಕ. ಹಾಗಾಗಿ ಯಾವ ವೈದ್ಯರೂ ಅದನ್ನು ಪ್ರಿಸ್ಕ್ರಿಪ್ಷನ್ ಆಗಿ ಬರೆಯುವಂತಿಲ್ಲ, ಬರೀ ಶಿಫಾರಸು ಮಾಡಬಹುದು. ಅದೂ 2002ರಲ್ಲಿ ಇಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ, ವೈದ್ಯರು ರೋಗಿಗೆ ಹೇಳುವ ಮಾತು ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಎಂದದ್ದರಿಂದ ಉಳಿದುಕೊಂಡಿತು. 2024ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯ ಇಲಾಖೆ ಗಾಂಜಾವನ್ನು ಅಷ್ಟು ಕಟ್ಟುನಿಟ್ಟಿಲ್ಲದ ಶೆಡ್ಯೂಲ್ 3ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತು. ಅಷ್ಟಾದರೆ ಎಲ್ಲ ಸರಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅಂಗಡಿಯಲ್ಲಿ ಸಿಗುವ ಗಮ್ಮಿಗೆ ಔಷಧಿಗಳನ್ನು ಪರೀಕ್ಷಿಸಿ ಒಪ್ಪುವ ಫೆಡರಲ್ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಇಲ್ಲ. ಪಟ್ಟಿ ಬದಲಾದ ಮಾತ್ರಕ್ಕೆ ಆ ಒಪ್ಪಿಗೆ ಬರುವುದಿಲ್ಲ, ನರ್ಸ್ ಕೈ ಬಿಚ್ಚುವುದಿಲ್ಲ.

ತಮಾಷೆ ಏನೆಂದರೆ, ಈ ರಾಜ್ಯದಲ್ಲಿ ರೋಗಿಗಳಿಗೆ ಗಾಂಜಾ ಕೊಟ್ಟು ಹೆಸರಾದವರು ಆಸ್ಪತ್ರೆಯೊಳಗೇ ಓಡಾಡಿಕೊಂಡಿದ್ದವರು. ಮೇರಿ ಜೇನ್ ರಾಥ್‌ಬನ್, ಎಲ್ಲರ ಬಾಯಲ್ಲಿ ಬ್ರೌನಿ ಮೇರಿ. ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿಕೊಂಡಿದ್ದ ಅಜ್ಜಿ. ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯ ಏಡ್ಸ್ ವಾರ್ಡಿನಲ್ಲಿ ಸ್ವಯಂಸೇವಕಿ. ಏಡ್ಸ್ ಬಂದ ಹುಡುಗರು ಊಟ ಸೇರದೆ ಸೊರಗಿ ಹೋಗುತ್ತಿದ್ದ ಕಾಲ ಅದು. ಈಕೆ ಗಾಂಜಾ ಹಾಕಿದ ಬ್ರೌನಿ ಬೇಯಿಸಿ ಅವರಿಗೆ ಹಂಚುತ್ತಿದ್ದರು. 1981, 1982, 1992, ಹೀಗೆ ಮೂರು ಸಲ ಪೊಲೀಸರು ಹಿಡಿದರು. ಮೂರನೇ ಸಲ ಹಿಡಿದ ವರ್ಷವೇ ನಗರದ ಮಂಡಳಿ ಆಗಸ್ಟ್ 25ನ್ನು ಬ್ರೌನಿ ಮೇರಿ ದಿನ ಎಂದು ಘೋಷಿಸಿತು! ಅಲ್ಲಿಂದ ಎದ್ದ ಚಳವಳಿ 1996ರಲ್ಲಿ ಪ್ರಾಪೊಸಿಷನ್ 215 ಆಯಿತು, ದೇಶದಲ್ಲೇ ಮೊದಲು ವೈದ್ಯಕೀಯ ಗಾಂಜಾಕ್ಕೆ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟ ಕಾನೂನು. ಅದರಿಂದ ಆಸ್ಪತ್ರೆಯ ಮಂಚದವರೆಗೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹೀಬ್ರೂ ಹೋಮ್ ಎಂಬ ವೃದ್ಧಾಶ್ರಮವಿದೆ. 2016ರಲ್ಲಿ ಅವರು ಒಂದು ಕ್ರಮ ರೂಪಿಸಿದರು. ನಿವಾಸಿಗಳು ತಾವೇ ಮದ್ದು ಕೊಳ್ಳಬೇಕು, ಕೋಣೆಯ ಬೀಗದ ಪೆಟ್ಟಿಗೆಯಲ್ಲಿ ಇಡಬೇಕು, ತಾವೇ ತೆಗೆದುಕೊಳ್ಳಬೇಕು. ಫೆಡರಲ್ ಹಣ ಕಳೆದುಕೊಳ್ಳದೆ ನಿವಾಸಿಗಳಿಗೆ ನೆರವಾಗಲು ಕಂಡುಕೊಂಡ ದಾರಿ. ಆ ಹೊತ್ತಿಗೆ ಜಾಣತನದ ದಾರಿಯೇ. ಕೈಕಾಲು ಆಡುವ, ತಲೆ ಚುರುಕಾಗಿರುವ ಹಿರಿಯರಿಗೆ ಅದು ನಡೆಯುತ್ತದೆ. ಕೊನೆಯ ವಾರಗಳಲ್ಲಿರುವ ರೋಗಿಗೆ ನಡೆಯುವುದಿಲ್ಲ. ರಯಾನ್ಸ್ ಲಾ ಬರೆದದ್ದೇ ಅಂಥವರಿಗಾಗಿ.

ಹಾಗಾದರೆ ಈ ಹಕ್ಕು ನಿಜವಾಗಿ ಸಿಗುವುದು ಯಾರಿಗೆ? ಮಂಚದ ಪಕ್ಕ ಇಡೀ ದಿನ ಒಬ್ಬರು ಕೂತಿರಲು ಸಾಧ್ಯವಿರುವ ಮನೆಯವರಿಗೆ. ಒಂಟಿ ಇರುವವರಿಗೆ, ಮಕ್ಕಳು ದೂರ ಇರುವವರಿಗೆ ಅದು ಗೋಡೆಗೆ ಅಂಟಿಸಿದ ನೋಟಿಸ್ ಅಷ್ಟೇ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ನಾನು ವಕೀಲೆ ಅಲ್ಲ, ಆದರೆ ಇದನ್ನು ಹೇಳದೆ ಬಿಡುವ ಹಾಗಿಲ್ಲ. ಇಲ್ಲಿ ಎಷ್ಟೋ ಜನ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀರಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ಇದ್ದೀರಿ. ವಲಸೆ ಕಾನೂನು ಫೆಡರಲ್ ಕಾನೂನು. ಕ್ಯಾಲಿಫೋರ್ನಿಯಾ ಏನು ಒಪ್ಪಿದೆ ಎಂಬುದು ಅದಕ್ಕೆ ಬೇಡ. ಗಾಂಜಾ ಇಟ್ಟುಕೊಂಡಿದ್ದೆ ಅಂತ ವಲಸೆ ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ವೀಸಾಗೆ, ಗ್ರೀನ್ ಕಾರ್ಡಿಗೆ ತೊಂದರೆಯಾಗಬಹುದು. ರಾಜ್ಯದ ಕಾನೂನಿಗೆ ಸರಿಯಾಗಿದ್ದರೂ ಗಾಂಜಾಕ್ಕೆ ಸಂಬಂಧಪಟ್ಟ ಕೆಲಸಗಳು ಪೌರತ್ವದ ಅರ್ಜಿಗೆ ಅಡ್ಡಿಯಾಗಬಹುದು ಎಂದು 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆ ಬರೆದೇ ಇಟ್ಟಿದೆ. ಈಗ ಯೋಚಿಸಿ. ಅಪ್ಪನಿಗೆ ಕ್ಯಾನ್ಸರ್. ನರ್ಸ್ ಕೊಡುವಂತಿಲ್ಲ. ಮಗ ಕೊಡಬೇಕು. ಮಗ ಎಚ್-1ಬಿಯಲ್ಲಿದ್ದಾನೆ. ಮನೆಯಲ್ಲಿ ಅಮೆರಿಕದ ಪೌರತ್ವ ಇರುವ ಒಬ್ಬರು ಇದ್ದರೆ ಅವರೇ ಈ ಜವಾಬ್ದಾರಿ ಹೊರುವುದು ಒಳ್ಳೆಯದು. ಇಲ್ಲದಿದ್ದರೆ ಮೊದಲು ವಲಸೆ ವಕೀಲರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಈ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೈ ಎತ್ತಿದರು. "ಅಮ್ಮಾ, ಇಷ್ಟೆಲ್ಲ ಕಷ್ಟಪಡೋಕೆ ಅದು ಕೆಲಸ ಮಾಡುತ್ತೇನಮ್ಮ?" ಎಂದು ಕೇಳಿದರು. ಇದನ್ನೇ ಮೊದಲು ಕೇಳಬೇಕಿತ್ತು ನೋಡಿ.

ಕೆಲವಕ್ಕೆ ಮಾಡುತ್ತದೆ, ಎಲ್ಲದಕ್ಕೂ ಅಲ್ಲ. ಕೀಮೋ ವಾಕರಿಕೆಗೆ ಆಧಾರ ಗಟ್ಟಿ ಇದೆ. ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿಯನ್ನು ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್ ಎಂಬ ಕ್ಯಾಪ್ಸೂಲ್‌ಗೆ ಎಫ್‌ಡಿಎ 1985ರಲ್ಲೇ ಒಪ್ಪಿಗೆ ಕೊಟ್ಟಿತು. ಇದನ್ನು ವೈದ್ಯರು ಪ್ರಿಸ್ಕ್ರಿಪ್ಷನ್ ಬರೆಯಬಹುದು, ನರ್ಸ್ ಕೊಡಬಹುದು, ಬೀಗದ ಡಬ್ಬಿಯ ರಗಳೆ ಇಲ್ಲ. ಮೊದಲು ಇದನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೆಲವರಿಗೆ ಇದು ಒಗ್ಗುವುದಿಲ್ಲ, ತಲೆ ಸುತ್ತು, ಗಾಬರಿ ತರುತ್ತದೆ. ಆಗ ಬೇರೆ ದಾರಿ ನೋಡಬೇಕು. 2017ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಗಳ ವರದಿ ದೊಡ್ಡವರ ದೀರ್ಘಕಾಲದ ನೋವಿಗೂ ಆಧಾರ ಇದೆ ಎಂದಿತು. ಆದರೆ ಕ್ಯಾನ್ಸರ್ ನೋವಿನ ಮೇಲೆಯೇ ನಡೆದ ದೊಡ್ಡ ಪ್ರಯೋಗಗಳಲ್ಲಿ ಟಿಎಚ್‌ಸಿ ಮತ್ತು ಗಾಂಜಾದ್ದೇ ಅಮಲು ತರದ ಅಂಶ ಸಿಬಿಡಿ ಬೆರೆಸಿದ ಸ್ಪ್ರೇ ನಿರೀಕ್ಷಿಸಿದಷ್ಟು ಗೆಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ ಮುಂದುವರಿದ ಕ್ಯಾನ್ಸರ್ ಇರುವ 144 ಜನರ ಮೇಲೆ ಸಿಬಿಡಿ ಎಣ್ಣೆ ಪರೀಕ್ಷಿಸಿದರು. ಎಣ್ಣೆ ಕುಡಿದವರಿಗೂ ಸುಮ್ಮನೆ ಮದ್ದಿನ ಹಾಗೆ ಕಾಣುವುದನ್ನು ಕುಡಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಗಾಂಜಾದಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಬರುವುದು ಸುಳ್ಳು. ಅದನ್ನು ನಂಬಿ ಚಿಕಿತ್ಸೆ ಬಿಡಬೇಡಿ. 2024ರಲ್ಲಿ ಇಲ್ಲಿನ ಕ್ಯಾನ್ಸರ್ ವೈದ್ಯರ ಸಂಘ ಕೂಡ ಇದೇ ಮಾತು ಹೇಳಿದೆ. ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆ) ನಡೆಯುತ್ತಿದ್ದರೆ ಇನ್ನೂ ಹುಷಾರಾಗಿರಿ ಎಂದೂ ಸೇರಿಸಿದೆ.

ಹಾಗಿದ್ದರೂ ನಾನು ಯಾಕೆ ಇದರ ಪರ? ಕೊನೆಯ ತಿಂಗಳುಗಳಲ್ಲಿ ಲೆಕ್ಕಾಚಾರ ಬೇರೆ. ಹತ್ತು ವರ್ಷದ ಮೇಲೆ ಏನಾಗುತ್ತದೋ ಎಂಬ ಭಯ ಅಲ್ಲಿ ಇಲ್ಲ. ಮಾರ್ಫಿನ್ ಸ್ವಲ್ಪ ಕಡಿಮೆಯಾಗಿ, ಮಲಬದ್ಧತೆ ಸ್ವಲ್ಪ ಸಡಿಲವಾಗಿ, ಮೊಮ್ಮಗಳ ಹೆಸರು ಹಿಡಿದು ಕರೆಯುವಷ್ಟು ಎಚ್ಚರ ಸಿಕ್ಕರೆ ಅದು ಆ ರೋಗಿಗೆ ದೊಡ್ಡದು. ಸಿಗದಿದ್ದರೆ ನಿಲ್ಲಿಸಿದರಾಯಿತು. ಆ ಪರೀಕ್ಷೆ ಮಾಡಿ ನೋಡುವ ಅವಕಾಶವಂತೂ ಇರಲಿ, ಜೊತೆಗೆ ಮದ್ದು ತಿಳಿದವರು ಅದನ್ನು ಕೊಡಲಿ. ನನ್ನ ಬೇಡಿಕೆ ಇಷ್ಟೇ: ವೈದ್ಯರ ಲಿಖಿತ ಒಪ್ಪಿಗೆ ಇದ್ದು, ನರ್ಸ್ ಮನಸ್ಸಿನಿಂದ ಒಪ್ಪಿದರೆ, ರೋಗಿಯದೇ ಮದ್ದನ್ನು ಅವರು ತೆಗೆದು ಕೊಡಲು ಕಾನೂನು ಬಿಡಬೇಕು. ಒಪ್ಪದವರನ್ನು ಬಲವಂತ ಮಾಡುವುದು ಬೇಡ.

ಈಗ ನಮ್ಮ ಅಡುಗೆಮನೆಯ ವಿಷಯ. ಗಮ್ಮಿಗಳಲ್ಲಿ ಎಷ್ಟೋ ಬ್ರ್ಯಾಂಡ್‌ಗಳು ಜೆಲಟಿನ್ ಹಾಕುತ್ತವೆ. ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಜೀವಮಾನವಿಡೀ ಸಸ್ಯಾಹಾರಿಯಾಗಿದ್ದ ಅಮ್ಮನಿಗೆ ಕೊನೆಗಾಲದಲ್ಲಿ ಗೊತ್ತಿಲ್ಲದೆ ಅದನ್ನು ತಿನ್ನಿಸಬೇಡಿ. ಹಣ್ಣಿನಿಂದ ತೆಗೆದ ಪೆಕ್ಟಿನ್ ಹಾಕಿದವು ಸಿಗುತ್ತವೆ, ಡಬ್ಬಿಯ ಹಿಂದೆ ಓದಿ. ತೆಂಗಿನೆಣ್ಣೆಯಿಂದ ತೆಗೆದ ಎಣ್ಣೆಯಲ್ಲಿ ಮಾಡಿದ ಹನಿಗಳೂ ಇವೆ, ಸಕ್ಕರೆ ಕಾಯಿಲೆ ಇರುವವರಿಗೂ ಅದೇ ಅನುಕೂಲ.

ಪ್ರಮಾಣದ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳಬೇಕು. ಈ ರಾಜ್ಯದಲ್ಲಿ ಮಾಮೂಲಿ ಗ್ರಾಹಕರಿಗೆ ಮಾರುವ ಗಮ್ಮಿಯ ಒಂದು ತುಂಡಿನಲ್ಲಿ 10 ಮಿಲಿಗ್ರಾಂ ಟಿಎಚ್‌ಸಿವರೆಗೆ ಇರಬಹುದು. ಅಭ್ಯಾಸವಿಲ್ಲದ ಹಿರಿಯರಿಗೆ ಅದು ತುಂಬಾ ಜಾಸ್ತಿ. 1ರಿಂದ 2.5 ಮಿಲಿಗ್ರಾಂನಿಂದ, ರಾತ್ರಿ ಹೊತ್ತು ಶುರು ಮಾಡುವುದು ವಾಡಿಕೆ. ತಿಂದದ್ದು ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಎಡವಟ್ಟಾಗುವುದು ಇಲ್ಲೇ. ಅರ್ಧ ಗಂಟೆ ಕಾದು "ಏನೂ ಆಗಲಿಲ್ಲ" ಅಂತ ಇನ್ನೊಂದು ತುಂಡು ಕೊಡುತ್ತಾರೆ. ಎರಡೂ ಒಟ್ಟಿಗೆ ಏರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೊರಟ ಅಜ್ಜ ಬಿದ್ದು ಸೊಂಟ ಮುರಿದುಕೊಂಡರೆ ಎಲ್ಲ ಮುಗಿಯಿತು. ರಕ್ತ ತೆಳುವಾಗಿಸುವ ವಾರ್ಫರಿನ್ ನಡೆಯುತ್ತಿದ್ದರೆ ರಕ್ತ ಹೆಪ್ಪುಗಟ್ಟುವ ವೇಗ ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಬೇಗ ಮಾಡಿಸಿ. ನಿದ್ದೆ ಮಾತ್ರೆ, ಮಾರ್ಫಿನ್ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ನರ್ಸ್ ಕೊಡುವಂತಿಲ್ಲ ಎಂದ ಮಾತ್ರಕ್ಕೆ ಅವರಿಂದ ಮುಚ್ಚಿಡಬೇಡಿ. ಎಷ್ಟು ಹೊತ್ತಿಗೆ ಎಷ್ಟು ಕೊಟ್ಟಿರಿ ಎಂದು ಅವರಿಗೆ ಹೇಳಿ, ಒಂದು ಚೀಟಿಯಲ್ಲಿ ಬರೆದಿಡಿ.

"ಊರಲ್ಲಿ ಅಪ್ಪ ಕಿಮೋ ತಗೊಳ್ತಾ ಇದ್ದಾರೆ. ಇಲ್ಲಿಂದ ತಗೊಂಡು ಹೋಗಬಹುದಾ?" ಎಂದು ಒಬ್ಬರು ಕೇಳಿದರು. ಬೇಡವೇ ಬೇಡ. ಭಾರತದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ, ಚರಸ್ ಎರಡೂ ಅಪರಾಧ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಿಮ್ಮ ಕ್ಯಾಲಿಫೋರ್ನಿಯಾ ಶಿಫಾರಸು ಪತ್ರ ತೋರಿಸಿದರೆ ಯಾರೂ ಕೇಳುವುದಿಲ್ಲ. ಎಲೆ, ಬೀಜ ಮಾತ್ರ, ಹೂತುದಿ ಸೇರದಿದ್ದರೆ, ಆ ಕಾಯ್ದೆಯ ವ್ಯಾಖ್ಯೆಯ ಹೊರಗೆ ಇದೆ. ಎಲೆಯಿಂದ ಮಾಡುವ ಭಂಗಿ (ಭಾಂಗ್) ಆ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದ್ದೂ ಇದರಿಂದಲೇ. ಅದಕ್ಕೂ ನಿಮ್ಮ ಸೂಟ್‌ಕೇಸಿನಲ್ಲಿರುವ ಗಮ್ಮಿಗೂ ಸಂಬಂಧವಿಲ್ಲ.

ಊರಿನಲ್ಲಿ ಅಪ್ಪನಿಗೆ ನಿಜವಾಗಿ ಬೇಕಾಗಿರುವುದು ಬಹುಶಃ ಮಾರ್ಫಿನ್. ಇದು ಇನ್ನೂ ಬೇಸರದ ಕಥೆ. ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ದೇಶ ನಮ್ಮದು. ಎನ್‌ಡಿಪಿಎಸ್ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ದೇಶದ ಬಳಕೆ ಶೇಕಡ 90ಕ್ಕಿಂತ ಹೆಚ್ಚು ಕುಸಿಯಿತು. ಕಾಯ್ದೆಯಲ್ಲಿ ವೈದ್ಯಕೀಯ ಬಳಕೆಗೆ ಅವಕಾಶ ಇದ್ದೇ ಇತ್ತು. ಮಂಚದವರೆಗೆ ತರುವವರು ಇರಲಿಲ್ಲ. ಕೇರಳದಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ತಿದ್ದುಪಡಿ ಬಂದು ದೇಶಕ್ಕೆಲ್ಲ ಒಂದೇ ನಿಯಮವಾಯಿತು. ಈಗ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳಬಹುದು. ಅಪ್ಪನ ಆಸ್ಪತ್ರೆಗೆ ಆ ಮಾನ್ಯತೆ ಇದೆಯೇ ಎಂದು ಫೋನ್ ಮಾಡಿ ಕೇಳಿ. ಬೆಂಗಳೂರಿನ ಹತ್ತಿರದಲ್ಲಿದ್ದರೆ ಕರುಣಾಶ್ರಯ ಇದೆ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಹಣ ಪಡೆಯದೆ ನೋಡಿಕೊಳ್ಳುತ್ತಿದ್ದಾರೆ.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಅವರ ಅತ್ತೆ ಇಲ್ಲಿಯ ನರ್ಸಿಂಗ್ ಹೋಮ್‌ನಲ್ಲಿದ್ದಾರೆ. "ಅಲ್ಲಿಯವರು ನಮ್ಮಲ್ಲಿ ಇದೆಲ್ಲ ಇಲ್ಲ ಅಂದುಬಿಟ್ಟರು. ಮುಂದೇನು ಮಾಡಲಿ?" ಎಂದರು. ಮೊದಲು ನಗುತ್ತಲೇ ಕೇಳಿ. ರಯಾನ್ಸ್ ಲಾ ಪ್ರಕಾರ ನಿಮ್ಮಲ್ಲಿ ಲಿಖಿತ ಮಾರ್ಗಸೂಚಿ ಇರಬೇಕಲ್ಲ, ಅದರ ಪ್ರತಿ ಕೊಡಿ ಅಂತ. ಎಷ್ಟೋ ಕಡೆ ಎದುರಿಗೆ ಕೂತವರಿಗೆ ಈ ಕಾನೂನಿನ ಬಗ್ಗೆ ಗೊತ್ತೇ ಇರುವುದಿಲ್ಲ. ಡೈರೆಕ್ಟರ್ ಆಫ್ ನರ್ಸಿಂಗ್ ಅವರನ್ನು ಕಾಣಿ, ಸೋಷಿಯಲ್ ವರ್ಕರ್ ಇದ್ದರೆ ಜೊತೆಗೆ ಕೂರಿಸಿಕೊಳ್ಳಿ. ವೈದ್ಯರ ಶಿಫಾರಸು ಪತ್ರದ ಪ್ರತಿ ಫೈಲಿಗೆ ಸೇರಿಸಿ. ಬೀಗದ ಡಬ್ಬಿ ನೀವೇ ಕೊಂಡುಕೊಂಡು ಹೋಗಿ, ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅಷ್ಟಾದರೂ ಬಿಡದಿದ್ದರೆ ನಿವಾಸಿಗಳ ದೂರು ಕೇಳುವ ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್‌ಗೆ ಫೋನ್ ಮಾಡಿ, ಅವರ ನಂಬರನ್ನು ಪ್ರತಿ ನರ್ಸಿಂಗ್ ಹೋಮ್‌ನಲ್ಲಿ ಎದ್ದು ಕಾಣುವಂತೆ ಹಾಕಿರುತ್ತಾರೆ. ರಾತ್ರಿ ಹೊತ್ತು ಅತ್ತೆಯ ಹತ್ತಿರ ಯಾರು ಇರುತ್ತೀರಿ ಎಂಬುದನ್ನು ಮನೆಯಲ್ಲಿ ಕೂತು ಮೊದಲೇ ಪಾಳಿ ಹಾಕಿಕೊಳ್ಳಿ. ಆ ಪಾಳಿಯಲ್ಲಿ ಯಾರ ಹೆಸರು ಬರಬಾರದು ಎಂಬುದನ್ನು ವಕೀಲರನ್ನು ಕೇಳಿ ತೀರ್ಮಾನಿಸಿ.